ಆಚೆ ದಡದ ಮಗು

ನನ್ನ ತಮ್ಮ ಯಾಂಕೊ ಊರಿನವನು, ನಾನು ಹೊರಗಿನವಳು. ಹೆತ್ತ ಅವ್ವ ಒಬ್ಬಳೇ, ಹುಟ್ಟಿದ್ದೂ ಒಂದೇ ಮನೆಯ ಒಂದೇ ಮೂಲೆಯಲ್ಲಿ. ನಾನು ಹುಟ್ಟಿದಾಗ ಹೊಳೆ ನಮ್ಮ ಕೇರಿಗೂ ಊರಿಗೂ ನಡುವೆ ಹರಿಯುತ್ತಿತ್ತು. ಅವನು ಹುಟ್ಟಿದ ಚಳಿಗಾಲದಲ್ಲಿ ಅದು ನಮ್ಮ ಕೇರಿಯ ಬೆನ್ನ ಹಿಂದೆ ಹೋಗಿ ಮಲಗಿತ್ತು. ವ್ಯತ್ಯಾಸ ಅಷ್ಟೇ.

ನಮ್ಮ ಹೊಳೆ ಹಾಗೆ. ಮನಸ್ಸು ಬಂದಾಗ ಜಾಗ ಬದಲಿಸುತ್ತದೆ. ಪ್ರವಾಹವಿಲ್ಲ, ಗದ್ದಲವಿಲ್ಲ. ಮೊದಲು ಕಪ್ಪೆಗಳು ಸಾಲಾಗಿ ಹೊರಡುತ್ತವೆ, ಒಂದೆರಡು ದಿನ ಬಿಟ್ಟು ನೀರು ಅವುಗಳ ಹಿಂದೆ ಹೋಗುತ್ತದೆ. ಹೋದ ಕಡೆ ಯಾರದಾದರೂ ಹೊಲವಿದ್ದರೆ ಅವನು ಗೊಣಗುತ್ತ ಮೀನಿನ ಬಲೆ ಹೆಣೆಯಲು ಕೂರುತ್ತಾನೆ. ಬಿಟ್ಟುಹೋದ ಕಡೆ ಮಕ್ಕಳು ನುಣುಪು ಕಲ್ಲು ಆರಿಸುತ್ತಾರೆ. ಒಮ್ಮೊಮ್ಮೆ ಒಂದಿಡೀ ತಲೆಮಾರು ಕಳೆದರೂ ಅಲುಗುವುದಿಲ್ಲ. ಯಾಂಕೊ ಹುಟ್ಟಿದ ವರ್ಷ ಹಿಂದಕ್ಕೆ ಸರಿದದ್ದು ಬೇಸಿಗೆ ಬರುವ ಮೊದಲೇ ಮರಳಿ ತನ್ನ ಹಳೆಯ ಪಾತ್ರಕ್ಕೆ ಬಂದುಬಿಟ್ಟಿತು. ನಡುವಿನ ಆ ತಿಂಗಳುಗಳಲ್ಲಿ ಹೆರಿಗೆಯಾದ ಹೆಂಗಸರನ್ನು ಕೇರಿಯವರು ಇವತ್ತಿಗೂ ಅದೃಷ್ಟವಂತರೆಂದು ಕರೆಯುತ್ತಾರೆ.

ಏಕೆಂದರೆ ಊರಿನ ಕಟ್ಟಳೆ ಹೊಳೆಯಷ್ಟು ಸಡಿಲವಲ್ಲ. ಈಚೆ ದಡದಲ್ಲಿ ಹುಟ್ಟಿದವರು ಊರಿನವರು, ಆಚೆ ದಡದಲ್ಲಿ ಹುಟ್ಟಿದವರು ಹೊರಗಿನವರು, ಸಾಯುವವರೆಗೂ. ಹೊರಗಿನವರು ಪೇಟೆಬೀದಿಯಲ್ಲಿ ಅಂಗಡಿ ಇಡುವಂತಿಲ್ಲ, ಶಾಲೆಯ ಒಳಗೆ ಕೂರುವಂತಿಲ್ಲ, ಸಂಜೆ ದೀಪದ ಗಂಟೆ ಬಾರಿಸಿದ ಮೇಲೆ ಊರಿನಲ್ಲಿ ನಿಲ್ಲುವಂತಿಲ್ಲ. ದಿನ ತುಂಬಿದ ನಮ್ಮ ಹೆಂಗಸರನ್ನು ಸೇತುವೆಯ ಕಾವಲುಗಾರ ದಾಟಲು ಬಿಡುತ್ತಿರಲಿಲ್ಲ. ಹುಲ್ಲಿನ ಗಾಡಿಯಲ್ಲಿ ಅಡಗಿ ಹೋದವಳೊಬ್ಬಳು ಸೀನಿ ಸಿಕ್ಕಿಬಿದ್ದಳಂತೆ. ಈಚೆ ಎಂದರೆ ಯಾವಾಗಲೂ ಅವರ ದಡ. ನಾವೂ ಹಾಗೇ ಹೇಳಿ ಹೇಳಿ ರೂಢಿಯಾಗಿ, ನಮ್ಮ ಮನೆಯೊಳಗೇ ಕುಳಿತು ನಮ್ಮ ಮನೆಯನ್ನು ಆಚೆ ಎನ್ನುತ್ತಿದ್ದೆವು.

ನಾವು ರೋಮಾ ಜನ. ಎಲ್ಲಿಂದ ಹೊರಟೆವು ಎಂದು ಕೇಳಿದರೆ ನನ್ನ ಅಜ್ಜಿ ಸೂರ್ಯ ಹುಟ್ಟುವ ದಿಕ್ಕಿಗೆ ಕೈ ತೋರಿಸುತ್ತಿದ್ದಳು. ಅಲ್ಲಿಂದ ತಂದದ್ದರಲ್ಲಿ ಕಳೆಯದೆ ಉಳಿದದ್ದು ನಾಲಿಗೆಯ ಮೇಲಿನದು ಮಾತ್ರ. ನೀರಿಗೆ ನಾವು ಪಾನಿ ಎನ್ನುತ್ತೇವೆ, ಅತ್ತೆಗೂ ಚಿಕ್ಕಮ್ಮನಿಗೂ ಬೀಬಿ ಎನ್ನುತ್ತೇವೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಜಮೀನುದಾರರು ನಮ್ಮನ್ನು ಹಿಡಿದು ಜೀತಕ್ಕಿಟ್ಟುಕೊಂಡರು. ಎಷ್ಟು ತಲೆಮಾರು ಎಂದು ಯಾರೂ ಲೆಕ್ಕ ಇಡಲಿಲ್ಲ. ಕುದುರೆ ಮಾರುವಾಗ ಲಾಳ ಹೊಡೆಯುವವನನ್ನೂ ಅದರ ಜೊತೆಗೇ ಮಾರುತ್ತಿದ್ದ ಕಾಲ. ಅಜ್ಜಿಯ ಅಜ್ಜಿಯನ್ನು ಒಂದು ಕಂದು ಹೆಣ್ಣುಗುದುರೆಯ ಜೊತೆ ಕೊಟ್ಟರಂತೆ. "ಕೊಳ್ಳೋಕೆ ಬಂದೋನು ಹಲ್ಲು ನೋಡಿದ್ದು ಕುದುರೇದಲ್ಲ, ಅವಳದು," ಎಂದು ಅಜ್ಜಿ ಹೇಳುತ್ತಿದ್ದಳು, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ.

ಜೀತ ಕಳೆದ ಮೇಲೆ ಬಂಡಿ ಹೂಡಿಕೊಂಡು ಊರೂರು ತಿರುಗಿದರು. ಪಾತ್ರೆಗೆ ಕಲಾಯಿ ಹಾಕಿದರು, ಜರಡಿ ಹೆಣೆದರು, ಕುದುರೆಗೆ ಮದ್ದು ಕೊಟ್ಟರು. ಆಮೇಲೆ ಯಾವುದೋ ಸರ್ಕಾರಕ್ಕೆ ಜನ ಹೀಗೆ ಅಲೆಯುವುದು ಸರಿಕಾಣಲಿಲ್ಲ. ಈ ಹೊಳೆಯ ಪಕ್ಕದ, ಯಾರಿಗೂ ಬೇಡವಾಗಿದ್ದ ಮರಳು ನೆಲದ ಮೇಲೆ ಸರ್ಕಾರದವರು ಬಂಡಿಗಳನ್ನು ನಿಲ್ಲಿಸಿ ಗಾಲಿಗಳನ್ನು ಕಿತ್ತುಕೊಂಡು ಹೋದರು. ಗಾಲಿಯಿಲ್ಲದ ಬಂಡಿಗೆ ಗೋಡೆ ಬಂತು, ಮಾಡು ಬಂತು. ಹಾಗೆ ಆದದ್ದು ನಮ್ಮ ಬಂಡಿಕೇರಿ. ಒಂದೊಂದು ಮನೆಯವರು ಒಂದೊಂದು ಗಾಲಿಯನ್ನು ಮಾತ್ರ ಹೇಗೋ ಮುಚ್ಚಿಟ್ಟುಕೊಂಡರು. ಅದು ಈಗಲೂ ಎಲ್ಲರ ಮನೆಯ ಗೋಡೆಯ ಮೇಲಿದೆ. ವಸಂತದಲ್ಲಿ ಒಂದು ದಿನ ಅದನ್ನು ಇಳಿಸಿ ಹೊಳೆಗೆ ಒಯ್ದು ತೊಳೆದು, ಕೀಲಿಗೆ ಎಣ್ಣೆ ಹಚ್ಚಿ, ಕುರಿ ಕೊಯ್ದು ಹಬ್ಬ ಮಾಡುತ್ತೇವೆ. ಎಲ್ಲಿಗೂ ಹೋಗುವುದಿಲ್ಲ. ಆದರೂ ಎಣ್ಣೆ ಹಚ್ಚುತ್ತೇವೆ.

ನಮ್ಮಪ್ಪನದು ಕಲಾಯಿಯ ಕುಲುಮೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ನಾನು ಹಿಡಿದೆ. ಮದುವೆಯಾಗಲಿಲ್ಲ. ಕೇಳಿ ಬಂದವರಿದ್ದರು, ಆದರೆ ಯಾರ ಮನೆಯಲ್ಲೂ ಬೆಂಕಿಗೆ ಗಾಳಿ ಊದಲು ಅಷ್ಟು ಒಳ್ಳೆಯ ತಿದಿ ಇರಲಿಲ್ಲ. ಕೆಂಪಗೆ ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದಾಗ ಒಳಗೆಲ್ಲ ಬೆಳದಿಂಗಳು ಹರಡಿದಂತಾಗುತ್ತದಲ್ಲ, ಅದನ್ನು ನೋಡಿ ನನಗೆ ಇಷ್ಟು ವರ್ಷವಾದರೂ ಬೇಸರ ಬಂದಿಲ್ಲ.

ಯಾಂಕೊ ಶಾಲೆಗೆ ಸೇರಿದಾಗ ಅವನನ್ನು ಕರೆದೊಯ್ಯುವ ಕೆಲಸ ನನ್ನದಾಯಿತು. ಹೊರಗಿನವರ ಮಕ್ಕಳು ಶಾಲೆಗೆ ಬರಬಾರದು ಎಂದು ಕಟ್ಟಳೆಯಲ್ಲಿಲ್ಲ, ಒಳಗೆ ಕೂರಬಾರದು ಎಂದಷ್ಟೇ ಇದೆ. ಹಾಗಾಗಿ ಕಲಿಯುವ ಆಸೆಯಿದ್ದ ನಾವು ನಾಲ್ಕಾರು ಮಂದಿ ಕಿಟಕಿಯ ಹೊರಗೆ ನಿಲ್ಲುತ್ತಿದ್ದೆವು. ಟೀಚರ್ ಅಗಾಥಾ ಆಗ ಇನ್ನೂ ಚಿಕ್ಕ ವಯಸ್ಸಿನವರು. ಎತ್ತರದ ಕಾಲರು, ಬಿಗಿಯಾದ ತುರುಬು, ಕಟ್ಟಳೆ ಎಂದರೆ ಕಟ್ಟಳೆ. ಅವರು ನಮ್ಮನ್ನು ಗದರಲಿಲ್ಲ, ಓಡಿಸಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ.

ಯಾಂಕೊ ಹಟ ಹಿಡಿದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತ. ನನಗೆ ಕಾಣಲೆಂದು ಸ್ಲೇಟನ್ನು ಓರೆ ಹಿಡಿಯುತ್ತಿದ್ದ, ಒಂದೊಂದು ಅಕ್ಷರವನ್ನೂ ಸ್ಲೇಟು ತುಂಬ ಬರೆಯುತ್ತಿದ್ದ. ಒಂದು ದಿನ ಟೀಚರ್ ಬಂದು ನಿಂತು, "ಇದೇನೋ ಯಾಂಕೊ, ಆನೆ ಗಾತ್ರದ ಅಕ್ಷರ?" ಎಂದರು. ಇವನು ಗಾಬರಿಯಲ್ಲಿ, "ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಟೀಚರ್," ಎಂದುಬಿಟ್ಟ. ಅವರಿಗೆ ನಿಜಕ್ಕೂ ಕನಿಕರವಾಯಿತು. ಕೈ ಹಿಡಿದು ಕರೆದೊಯ್ದು ಮೊದಲ ಬೆಂಚಿನಲ್ಲಿ, ಕಪ್ಪುಹಲಗೆಯ ಎದುರಿಗೇ ಕೂರಿಸಿದರು. ಕಿಟಕಿಯಿಂದ ಅಷ್ಟು ದೂರ ಹೋಗಿ ಕುಳಿತ ಅವನು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಮಾರನೆಯ ದಿನ ಹೋದವನೇ, "ಕಣ್ಣು ವಾಸಿಯಾಯ್ತು ಟೀಚರ್," ಎಂದು ಹೇಳಿ ಮತ್ತೆ ಹಳೆಯ ಜಾಗ ಹಿಡಿದ.

ಚಳಿ ಹೆಚ್ಚಾದಾಗ ಒಳಗಿನ ಮಕ್ಕಳು ಕೆಮ್ಮುತ್ತಾರೆಂದು ಕಿಟಕಿ ಮುಚ್ಚುತ್ತಿದ್ದರು. ಗಾಜಿನ ಮೇಲೆ ಉಸಿರು ಕಟ್ಟಿ ಏನೂ ಕಾಣದಾಗುತ್ತಿತ್ತು. ಒಳಗಿನಿಂದ ಯಾಂಕೊ ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಹೀಗೆ ನಾನು ಓದಲು ಕಲಿತೆ. ಬರೆಯಲು ಮಾತ್ರ ನನ್ನದು ಇಂದಿಗೂ ಆನೆ ಗಾತ್ರದ ಅಕ್ಷರವೇ.

ಬೆಳೆದ ಮೇಲೆ ಯಾಂಕೊ ಪೇಟೆಬೀದಿಯಲ್ಲಿ ತಾಮ್ರದ ಅಂಗಡಿ ಇಟ್ಟ. ಕಲಾಯಿ ನನ್ನದು, ವ್ಯಾಪಾರ ಅವನದು. ಕಿವಿಯ ಓಲೆ ತೆಗೆದಿಟ್ಟ, ಊರಿನವರ ಹಾಗೆ ಕೋಟು ಹೊಲಿಸಿಕೊಂಡ. ಒಮ್ಮೆ ಪಾತ್ರೆಗಳನ್ನು ಹೊತ್ತು ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿದ್ದೆ. ಒಳಗೆ ಯಾರೋ, "ಎಷ್ಟು ಚೆನ್ನಾಗಿದೆ ಕಲಾಯಿ, ಯಾರು ಹಾಕಿದ್ದು?" ಎಂದು ಕೇಳಿದರು. "ಆಚೆ ದಡದವರು ಮಾಡಿಕೊಡ್ತಾರೆ," ಎಂದ ಯಾಂಕೊ. ಅಕ್ಕ ಎನ್ನಲಿಲ್ಲ. ನಾನು ಪಾತ್ರೆ ಇಟ್ಟು ಬಂದೆ. ಅಂದು ಸಂಜೆ ಅವನು ಎಳ್ಳು ಹಚ್ಚಿದ ಬಿಸಿ ಬ್ರೆಡ್ಡು ತಂದು ಕುಲುಮೆಯ ಪಕ್ಕ ಇಟ್ಟು, ತಲೆ ತಗ್ಗಿಸಿ ಬಹಳ ಹೊತ್ತು ತಿದಿ ಒತ್ತಿದ. ಒಂದೇ ಬ್ರೆಡ್ಡನ್ನು ಮುರಿದು ತಿಂದೆವು.

ಅವನು ಮದುವೆಯಾದದ್ದು ಟೀಚರ್ ಅಗಾಥಾರ ಮಗಳು ಎಲ್ಜಾಳನ್ನು. ಪೇಟೆಯಲ್ಲಿ ಗುಸುಗುಸು ಎದ್ದಾಗ ಟೀಚರ್, "ಹುಡುಗ ಈಚೆ ಹುಟ್ಟಿದವನು. ಕಟ್ಟಳೆಯಲ್ಲಿ ತಪ್ಪೇನಿದೆ ತೋರಿಸಿ," ಎಂದರಂತೆ. ಯಾರಿಗೂ ತೋರಿಸಲಾಗಲಿಲ್ಲ. ಎಲ್ಜಾ ತಾಯಿಯ ಹಾಗಲ್ಲ. ಜೋರಾಗಿ ನಗುವವಳು, ಬೆರಳು ನೆಕ್ಕಿ ಉಣ್ಣುವವಳು. ನಮ್ಮವ್ವನ ಹುಳಿಚೆರ್ರಿ ಸಾರಿಗಾಗಿ ವಾರಕ್ಕೊಮ್ಮೆಯಾದರೂ ಸೇತುವೆ ದಾಟಿ ಬರುತ್ತಿದ್ದಳು. ಯಾಂಕೊಗಿಂತ ಅವಳೇ ಹೆಚ್ಚು ಬರುತ್ತಿದ್ದಳು ಎಂದರೆ ತಪ್ಪಲ್ಲ.

ಅವಳು ಬಸುರಿಯಾಗಿದ್ದ ವಸಂತದಲ್ಲಿ ಗಾಲಿ ತೊಳೆಯುವ ಹಬ್ಬಕ್ಕೆ ಬಂದಳು. ದಿನ ತುಂಬಲು ಇನ್ನೂ ವಾರಗಳಿದ್ದವು. ಊರಿನವಳನ್ನು ಆಚೆ ಹೋಗಬೇಡ ಎನ್ನುವ ಹಕ್ಕು ಕಾವಲುಗಾರ ಬಾರ್ನಾನಿಗೆ ಇರಲಿಲ್ಲ. ಯಾಂಕೊ ಮಾತ್ರ ಬೇಡ ಎಂದು ಹೇಳಿ ನೋಡಿದ್ದ. ಅವಳು ಕೇಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಕುಳಿತು ಉಣ್ಣುತ್ತಿದ್ದಾಗ ಕೈಯ ತಟ್ಟೆ ಜಾರಿಬಿತ್ತು. ನಮ್ಮವ್ವ ಕೇರಿಗೆಲ್ಲ ಹೆರಿಗೆ ಮಾಡಿಸುವವಳು. ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿ, "ಇದು ವಾರಗಟ್ಟಲೆ ಕಾಯೋ ಕೂಸಲ್ಲ ಕಣವ್ವ. ಇವತ್ತೇ ಬರುತ್ತೆ," ಎಂದಳು.

ಯಾಂಕೊ ಬಿಳಿಚಿಕೊಂಡ. "ಈಗ್ಲೇ ಹೊರಡೋಣ. ಸೇತುವೆ ಒಂದು ದಾಟಿಬಿಟ್ರೆ ಸಾಕು. ಮಂಚ ಎತ್ತಿ, ಬೇಗ ಎತ್ತಿ!" ನಾವು ನಾಲ್ಕು ಜನ ಮಂಚ ಹೊತ್ತೆವು. ಅವ್ವ ಪಕ್ಕದಲ್ಲಿ ನಡೆದಳು, ಎಲ್ಜಾ ಅವಳ ಮಣಿಕಟ್ಟನ್ನು ಬಿಡಲಿಲ್ಲ. ದಾರಿಯುದ್ದಕ್ಕೂ ಜನ ನೀರು ತೊಟ್ಟಿಕ್ಕುವ ಗಾಲಿಗಳನ್ನು ಗೋಡೆಗೆ ಒರಗಿಸಿ ನಮಗೆ ಹಾದಿ ಬಿಟ್ಟರು.

ಸೇತುವೆಯ ಬಾಯಲ್ಲಿ ಬಾರ್ನಾ ಎದ್ದು ನಿಂತ. ಒಳ್ಳೆಯ ಮುದುಕ, ನಮ್ಮ ಹಬ್ಬದ ಮಾಂಸವನ್ನು ಪ್ರತಿವರ್ಷ ತಪ್ಪದೆ ತಿನ್ನುವವನು. "ಎಲ್ಜಮ್ಮ ಹೋಗ್ಲಿ. ನಿಮ್ಮವ್ವಾನೂ ಹೋಗ್ಲಿ, ಬೇಡ ಅನ್ನಲ್ಲ," ಎಂದ. "ಆದ್ರೆ ದೀಪದ ಗಂಟೆಗೆ ಆಯಮ್ಮ ವಾಪಸ್ ಬಂದಿರ್ಬೇಕು. ನಾನೇನ್ ಮಾಡ್ಲಿ, ಹೇಳಿ."

ಎಲ್ಜಾ ಮೊಣಕೈ ಊರಿ ತಲೆ ಎತ್ತಿದಳು. "ಗಂಟೆಗೆ ಇನ್ನೆಷ್ಟು ಹೊತ್ತಿದೆ ಬಾರ್ನಾ?"

ಬಾರ್ನಾ ಬಿಸಿಲು ನೋಡಿ, "ಬಹಳ ಇಲ್ಲ ತಾಯಿ," ಎಂದ.

"ಅತ್ತೆ, ಅಷ್ಟರಲ್ಲಿ ಆಗುತ್ತಾ?"

"ಚೊಚ್ಚಲು ಕಣೆ. ಹೇಗೆ ಹೇಳ್ಲಿ?" ಎಂದಳು ಅವ್ವ.

"ಹಾಗಾದ್ರೆ ಇಳಿಸಿ," ಎಂದಳು ಎಲ್ಜಾ. ಯಾರೂ ಇಳಿಸಲಿಲ್ಲ. "ಇಳಿಸ್ರೀ ಅಂದ್ರೆ!"

ಯಾಂಕೊ ಮಂಚದ ಕಾಲು ಹಿಡಿದೇ ಬಗ್ಗಿ ಬೇಡಿಕೊಂಡ. "ಎಲ್ಜಾ, ನಾಲ್ಕು ಹೆಜ್ಜೆ ಅಷ್ಟೇ. ಅಲ್ಲಿ ನಿಮ್ಮಮ್ಮ ಇದ್ದಾರಲ್ಲ."

"ನಮ್ಮಮ್ಮ ರಕ್ತ ಕಂಡ್ರೆ ಮೂರ್ಛೆ ಬೀಳ್ತಾಳೆ. ಅವಳಿಗೆ ಸೀಮೆಸುಣ್ಣ ಹಿಡಿಯೋಕ್ ಬರುತ್ತೆ, ನನ್ನ ಹಿಡಿಯೋಕ್ ಬರಲ್ಲ. ಗಂಟೆ ಬಾರಿಸಿದ ಕೂಡ್ಲೆ ಅತ್ತೆ ಎದ್ದು ಹೋಗ್ಬೇಕು, ನಾನು ಅಲ್ಲಿ ಒಬ್ಬಳೇ ಕೂಗ್ತಾ ಬಿದ್ದಿರ್ಬೇಕು. ಆಗಲ್ಲ. ಈ ಕೈ ಬಿಟ್ಟು ನಾನು ಎಲ್ಲಿಗೂ ಬರಲ್ಲ." ಇಷ್ಟು ಹೇಳುವಷ್ಟರಲ್ಲಿ ಮತ್ತೊಂದು ನೋವು ಬಂದು ಅವಳು ಹಲ್ಲು ಕಚ್ಚಿದಳು. ನಾವು ಮಂಚ ತಿರುಗಿಸಿದೆವು.

ಅವ್ವ ಬಾಗಿಲು ಹಾಕಿಕೊಂಡ ಮೇಲೆ ಯಾಂಕೊ ಕುಲುಮೆಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. ಹಬ್ಬದ ದಿನವಾದ್ದರಿಂದ ಕುಲುಮೆಯಲ್ಲಿ ಬೆಂಕಿಯಿರಲಿಲ್ಲ. "ಅಕ್ಕ, ನನ್ನ ಮಗು ಕಿಟಕಿ ಹೊರಗೆ ನಿಲ್ಲುತ್ತೆ," ಎಂದ.

ನನಗೆ ಸಿಟ್ಟು ಬಂತು. "ನಾನೂ ನಿಂತಿದ್ದೆ. ಸತ್ತುಹೋದ್ನಾ?"

"ಅದಕ್ಕೇ ಹೇಳ್ತಿರೋದು."

"ಏನು ಅದಕ್ಕೇ? ಅಂಗಡೀಲಿ ನನ್ನ ಅಕ್ಕ ಅನ್ನೋಕೆ ನಿನಗೆ ನಾಚಿಕೆ. ಈಗ ಮಗಳೋ ಮಗನೋ ನನ್ನ ಹಾಗೇ ಆಗುತ್ತೆ ಅಂತ ಹೆದರಿಕೆ." ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಬಾಯಿ ತಪ್ಪಿ ಬಂದುಬಿಟ್ಟಿತು.

ಅವನು ಸಿಟ್ಟಾಗಲಿಲ್ಲ. ಬೂದಿಯಲ್ಲಿ ಬೆರಳಾಡಿಸುತ್ತ ಮೆಲ್ಲಗೆ ಹೇಳಿದ: "ನೀನು ಹೊರಗೆ ನಿಂತಿದ್ದೆ ಅಕ್ಕ. ನಾನು ಒಳಗೆ ಕೂತು, ನೀನು ನಿಂತಿರೋದನ್ನ ದಿನಾ ನೋಡ್ದೆ. ಅದು ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ಲ. ಅವತ್ತಿಂದ ನಿನ್ನ ಮುಖ ನೇರ ನೋಡಿ ಮಾತಾಡೋಕೆ ನನಗೆ ಆಗ್ತಿಲ್ಲ."

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಒಳಗೆ ಬೆಚ್ಚಗೆ ಕುಳಿತವನಿಗೂ ಒಂದು ನೋವಿರಬಹುದೆಂದು ಯೋಚಿಸಿಯೇ ಇರಲಿಲ್ಲ. ಅವನ ಕೋಟಿಗೆ ಹತ್ತಿದ್ದ ಬೂದಿ ಕೊಡವಿದೆ. ಊರಿನ ಕಡೆಯಿಂದ ದೀಪದ ಗಂಟೆ ಕೇಳಿಸಿತು. ಅದು ನಿಲ್ಲುವ ಮೊದಲೇ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಗಂಟೆಗಿಂತ ಜೋರು.

ಹೆಣ್ಣು ಮಗು. ಅವ್ವ ಮಿರೇಲಾ ಎಂದು ಹೆಸರಿಟ್ಟಳು. ಮಾರನೆಯ ಬೆಳಿಗ್ಗೆ ಟೀಚರ್ ಅಗಾಥಾ ಕೊಡೆ ಹಿಡಿದು, ಬಿಸಿಲೂ ಇಲ್ಲ ಮಳೆಯೂ ಇಲ್ಲ, ಜೀವಮಾನದಲ್ಲಿ ಮೊದಲ ಸಲ ಸೇತುವೆ ದಾಟಿ ಬಂದರು. ಮರಳಿನಲ್ಲಿ ಅವರ ಎತ್ತರ ಹಿಮ್ಮಡಿಯ ಬೂಟು ಹೂತುಹೋಗುತ್ತಿತ್ತು. ಮಗುವನ್ನು ಎತ್ತಿಕೊಂಡರು. ಆಮೇಲೆ ಗೋಡೆಯ ಮೇಲಿದ್ದ ಗಾಲಿ ನೋಡಿ, ಇದೇಕೆ ಎಂದು ಕೇಳಿದರು. ಅವ್ವ ಸಾರು ಬಡಿಸುತ್ತ ಎಲ್ಲ ಕಥೆ ಹೇಳಿದಳು, ಜೀತದ್ದು, ಕುದುರೆಯದು, ಗಾಲಿ ಕಿತ್ತದ್ದು. ಟೀಚರ್ ಎರಡು ಬಟ್ಟಲು ಕುಡಿದರು. "ಇಷ್ಟು ವರ್ಷ ಪಾಠ ಹೇಳ್ತೀನಿ, ಇದು ಯಾವ ಪಾಠದಲ್ಲೂ ಇಲ್ಲ," ಎಂದು ಹೋಗುವಾಗ ತಮ್ಮಷ್ಟಕ್ಕೆ ಹೇಳಿಕೊಂಡರು.

ಮಿರೇಲಾ ಬೆಳೆದಳು. ಪುಟ್ಟ ಮಗುವಾಗಿದ್ದಷ್ಟು ದಿನ ಕಾವಲಿನವರು ನೋಡಿಯೂ ನೋಡದಂತಿದ್ದರು. ತಂದೆತಾಯಿಯ ಜೊತೆ ಊರಿನಲ್ಲೇ ಇರುತ್ತಿದ್ದಳು, ಮನಸ್ಸು ಬಂದಾಗ ನನ್ನ ಕುಲುಮೆಗೆ ಬಂದು, "ಬೀಬಿ, ಬೆಳದಿಂಗಳು ಮಾಡು," ಎನ್ನುತ್ತಿದ್ದಳು. ಅವಳು ಶಾಲೆಗೆ ಸೇರುವ ವರ್ಷ ಬಂದಾಗ ಊರಿಗೆಲ್ಲ ಒಂದೇ ಕುತೂಹಲ: ಅಗಾಥಾ ಟೀಚರ್ ಏನು ಮಾಡುತ್ತಾರೆ? ಕಟ್ಟಳೆ ನೋಡಿಕೊಳ್ಳುವ ಊರಿನ ಯಜಮಾನರು ಒಂದು ದಿನ ಟೀಚರ್ ಮನೆಗೇ ಬಂದರು. ಯಾಂಕೊ, ಎಲ್ಜಾ, ಪಾತ್ರೆ ಕೊಡಲು ಹೋಗಿದ್ದ ನಾನು, ಎಲ್ಲರೂ ಅಲ್ಲೇ ಇದ್ದೆವು.

"ಟೀಚರಮ್ಮ, ಮಗು ನಮ್ಮದೇ," ಎಂದರು ಯಜಮಾನರು. "ಹೆರಿಗೆ ಆಚೆ ದಡದಲ್ಲಿ ಆಯ್ತು ಅಂತ ಯಾಕೆ ಅನ್ಬೇಕು? ಸೇತುವೆ ಮೇಲೆ ಆಯ್ತು ಅನ್ನೋಣ. ಸೇತುವೆ ಆಚೇನೂ ಅಲ್ಲ, ಈಚೇನೂ ಅಲ್ಲ. ಬಾರ್ನಾ ಸಾಕ್ಷಿ ಹೇಳ್ತಾನೆ. ಮಗು ಒಳಗೆ ಕೂರ್ಲಿ."

ಯಾಂಕೊನ ಮುಖದಲ್ಲಿ ಆಸೆ ಮೂಡಿದ್ದನ್ನು ನಾನು ಕಂಡೆ. ನನ್ನ ಮನಸ್ಸಿನಲ್ಲೂ ಮೂಡಿತ್ತು, ಸುಳ್ಳು ಹೇಳುವುದಿಲ್ಲ.

ಟೀಚರ್ ಮಾತ್ರ ನನ್ನ ಕಡೆ ತಿರುಗಿದರು. ಕಿಟಕಿಯ ದಿನಗಳಿಂದ ಅಲ್ಲಿಯವರೆಗೆ ಅವರು ನನ್ನನ್ನು ಅಷ್ಟು ನೇರವಾಗಿ ನೋಡಿದ್ದಿಲ್ಲ. "ಸುಳ್ಳು ಹೇಳಿ ನನ್ನ ಮೊಮ್ಮಗಳನ್ನ ಒಳಗೆ ಕೂರಿಸಿದ್ರೆ, ಲುಲೂದಿ ಹೊರಗೆ ನಿಂತಿದ್ದಕ್ಕೆ ನಾನೇನು ಹೇಳ್ಲಿ ಯಜಮಾನರೇ?" ಎಂದರು. "ಇವಳ ಹೆಸರು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ಕಿಟಕಿ ಹೊರಗೆ ನಿಂತವರೆಲ್ಲರ ಹೆಸರೂ ಗೊತ್ತು. ಚಳಿಗಾಲದಲ್ಲಿ ಆ ಕಿಟಕೀನ ಕಟ್ಟಳೆ ಬಂದು ಮುಚ್ಚಲಿಲ್ಲ. ನಾನೇ ಮುಚ್ತಿದ್ದೆ."

ಯಜಮಾನರು ಟೋಪಿ ಎತ್ತಿಕೊಂಡು ಹೊರಟರು. ಅವರು ಬಾಗಿಲು ದಾಟುವಾಗ ಟೀಚರ್ ಇದ್ದಕ್ಕಿದ್ದಂತೆ ಕೇಳಿದರು: "ಸೇತುವೆ ಆಚೇನೂ ಅಲ್ಲ, ಈಚೇನೂ ಅಲ್ಲ ಅಂದ್ರಿ. ಅದು ನಿಜಾನಾ?"

"ಕಟ್ಟಳೇಲಿ ಹಾಗೇ ಇದೆ," ಎಂದರು ಯಜಮಾನರು.

ಶಾಲೆ ಶುರುವಾಗುವ ದಿನ ಟೀಚರ್ ಮಕ್ಕಳಿಗೆಲ್ಲ ಬೆಂಚು ಎತ್ತಲು ಹೇಳಿದರು. ಬೀದಿಯಲ್ಲಿ ಬೆಂಚುಗಳ ಮೆರವಣಿಗೆ ಹೊರಟಿತು. ಮುಂದೆ ಕಪ್ಪುಹಲಗೆ, ಹಿಂದೆ ಕೊಡೆ ಹಿಡಿದ ಟೀಚರ್. ಸೇತುವೆಯ ನಟ್ಟನಡುವೆ ಬೆಂಚು ಹಾಕಿಸಿ, ಬಂಡಿಕೇರಿಯ ಕಡೆ ತಿರುಗಿ ಗಂಟೆ ಅಲ್ಲಾಡಿಸಿದರು. ನಮ್ಮ ಮಕ್ಕಳು ಮೊದಲು ನಂಬಲಿಲ್ಲ. ಅಂದು ನಮ್ಮ ಮನೆಯಲ್ಲೇ ಇದ್ದ ಮಿರೇಲಾಳ ಕೈ ಹಿಡಿದು ನಾನೇ ಮುಂದೆ ನಡೆದೆ, ಉಳಿದವರು ಹಿಂದೆ ಬಂದರು. "ಕೂತ್ಕೊಳ್ಳಿ," ಎಂದರು ಟೀಚರ್. ಆಮೇಲೆ ನನ್ನನ್ನು ನೋಡಿ, "ನೀನೂ ಕೂತ್ಕೊ ಲುಲೂದಿ," ಎಂದರು.

"ನಂಗೆ ಕೆಲಸ ಇದೆ ಟೀಚರ್. ಕುಲುಮೆ ಹೊತ್ತಿಸಿ ಬಂದಿದೀನಿ," ಎಂದೆ. ಅದು ನಿಜವೂ ಹೌದು. ಆದರೆ ಹಿಂದಿನ ಬೆಂಚಿನ ಮೇಲೆ ಒಂದು ಗಳಿಗೆ ಕೂತೇ ಎದ್ದೆ. ಗಟ್ಟಿ ಮರ, ಸ್ವಲ್ಪ ಓಲಾಡುತ್ತಿತ್ತು.

ಊರಿನಲ್ಲಿ ಗಲಾಟೆಯಾಗದೆ ಇರಲಿಲ್ಲ. ಕೆಲವರು ಮಕ್ಕಳನ್ನು ಕಳಿಸಲಿಲ್ಲ. ಆದರೆ ಬೇರೆ ಟೀಚರ್ ಇರಲಿಲ್ಲ, ಮನೆಯಲ್ಲಿ ಉಳಿದ ಮಕ್ಕಳ ಕಾಟ ತಡೆಯಲು ತಾಯಂದಿರಿಗೂ ಆಗಲಿಲ್ಲ. ಒಬ್ಬೊಬ್ಬರಾಗಿ ಬಂದರು. ಸೇತುವೆ ಎಂದ ಮೇಲೆ ಜನ ದಾಟಲೇಬೇಕಲ್ಲ. ಕುಂಬಳಕಾಯಿಯ ಗಾಡಿ ಬಂದರೆ ಇಡೀ ತರಗತಿ ಎದ್ದು ಬೆಂಚು ಪಕ್ಕಕ್ಕೆಳೆದು ದಾರಿ ಬಿಡುತ್ತಿತ್ತು. ಟೀಚರ್ ಬಿಡುವವರಲ್ಲ. ಗಾಡಿಯಲ್ಲಿ ಕಾಯಿ ಎಷ್ಟಿವೆ, ಅರ್ಧ ಮಾರಿದರೆ ಎಷ್ಟು ಉಳಿಯುತ್ತವೆ ಎಂದು ಅದರ ಮೇಲೇ ಲೆಕ್ಕ ಕೊಡುತ್ತಿದ್ದರು. ಬಾತುಕೋಳಿ ಹಿಂಡು ಬಂದ ದಿನ ಮಾತ್ರ ಪಾಠ ಕೆಟ್ಟಿತು. ಬಾರ್ನಾನಿಗೆ ಕಾವಲಿಗಿಂತ ಬೆಂಚು ಎತ್ತುವುದೇ ಕೆಲಸವಾಯಿತು. ಸಂಜೆ ಪಾಠ ಉದ್ದವಾಗಿ ದೀಪದ ಗಂಟೆ ಬಾರಿಸಿದರೂ ಯಾರನ್ನು ಎಲ್ಲಿಗೆ ಅಟ್ಟಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಯಾರೂ ಊರಿನೊಳಗೆ ಇರಲಿಲ್ಲವಲ್ಲ. ಒಂದು ಮಧ್ಯಾಹ್ನ ಟೀಚರ್ ಅವ್ವನನ್ನು ಕರೆಸಿ ಮುಂದೆ ಕೂರಿಸಿ, ಗಾಲಿಯ ಕಥೆ ಹೇಳಿಸಿದರು. ಊರಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕುದುರೆಯ ಜೊತೆ ಮಾರಿದ ಅಜ್ಜಿಗೆ ಆಮೇಲೆ ಏನಾಯಿತು ಎಂದು ಒಬ್ಬ ಹುಡುಗಿ ಅಳುತ್ತ ಕೇಳಿದಳಂತೆ. "ಏನಾಗುತ್ತೆ ಮಗ? ಮಕ್ಕಳು ಮರಿ ಆಗಿ ನಾವು ಬಂದ್ವಿ," ಎಂದಳಂತೆ ಅವ್ವ.

ಚಳಿಗಾಲ ಹತ್ತಿರವಾದಾಗ ಸೇತುವೆಗೆ ಮಾಡು ಬೇಕಾಯಿತು. ಬಂಡಿಕೇರಿಯವರು ಹಲಗೆ ಹೊಡೆದು ಗಾಳಿ ಬೀಸುವ ಕಡೆಗೆ ಗೋಡೆ ಕಟ್ಟಿದರು. ತಗಡಿನ ಕೆಲಸ ನನ್ನದು. ನಾನು ಮೇಲೆ ಹತ್ತಿ ಕುಳಿತು ಮೊಳೆ ಹೊಡೆಯುತ್ತಿದ್ದಾಗ ಯಾಂಕೊ ಅಂಗಡಿ ಮುಚ್ಚಿ, ಕೋಟು ಬಿಚ್ಚಿ ಕೆಳಗೆ ಮಡಿಸಿಟ್ಟು, ಏಣಿ ಹತ್ತಿ ಬಂದ.

"ತಗಡು ನಾನು ಹಿಡೀತೀನಿ, ನೀನು ಹೊಡಿ," ಎಂದ.

"ಬೆರಳು ಜೋಪಾನ. ಅಂಗಡಿಯವರ ಬೆರಳು, ಮೆತ್ತಗಾಗಿರುತ್ತೆ."

ಅವನು ನಕ್ಕ. ಪೇಟೆಬೀದಿಯ ಜನ ಕೆಳಗೆ ಹಾದುಹೋಗುತ್ತಿದ್ದರು. ದೊಡ್ಡ ತಾಮ್ರದ ಹಂಡೆ ಕೊಂಡಿದ್ದ ಹೆಂಗಸೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. "ಯಾರ್ರೀ ಯಾಂಕೊ ಅವರೇ, ನಿಮ್ ಜೊತೇಲಿ?"

"ನಮ್ಮಕ್ಕ," ಎಂದ ಯಾಂಕೊ. "ನಿಮ್ಮ ಹಂಡೆಗೆ ಕಲಾಯಿ ಹಾಕಿದ್ದು ಇವಳೇ. ನನಗೆ ಓದೋದು ಕಲಿಸಿದ್ದೂ ಇವಳೇ."

"ಸುಳ್ಳು. ಕಲಿಸಿದ್ದು ನೀನು," ಎಂದೆ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ.

"ನೀನು ಹೊರಗೆ ನಿಲ್ಲದೆ ಇದ್ದಿದ್ರೆ ನಾನು ಒಂದಕ್ಷರಾನೂ ಬರೀತಿರ್ಲಿಲ್ಲ ಅಕ್ಕ. ನಿನಗೆ ಕಾಣ್ಲಿ ಅಂತ ಬರೆದಿದ್ದು." ಅವನು ನನ್ನ ಮುಖವನ್ನು ನೇರವಾಗಿ ನೋಡಿಯೇ ಹೇಳಿದ. ಗಾಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮೊಳೆ ಸೊಟ್ಟ ಹೋಯಿತು. ಆ ಸೊಟ್ಟ ಮೊಳೆ ಹೊಡೆದ ಕಡೆ ಮಳೆಗಾಲದಲ್ಲಿ ಈಗಲೂ ಸೋರುತ್ತದೆ, ಮಕ್ಕಳು ಬೈಯುತ್ತಾರೆ.

ಕಟ್ಟಳೆಯನ್ನು ಯಾರೂ ತೆಗೆದುಹಾಕಲಿಲ್ಲ. ಕೇಳಿದರೆ ಅದು ಇನ್ನೂ ಇದೆ ಎನ್ನುತ್ತಾರೆ. ನಾನು ಇಂದಿಗೂ ಹೊರಗಿನವಳೇ. ಆದರೆ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದ ಮಕ್ಕಳು ದೀಪದ ಗಂಟೆ ಬಾರಿಸಿದ ಮೇಲೂ ಒಬ್ಬರ ಮನೆಯಲ್ಲೊಬ್ಬರು ಉಣ್ಣುತ್ತ ಕೂರುತ್ತಾರೆ. ಅವರನ್ನು ಎಬ್ಬಿಸಲು ಹೋದರೆ ಆ ಮನೆಯ ಅಜ್ಜಿಯರೇ ಕಾವಲಿನವರಿಗೆ ಬೈಯುತ್ತಾರೆ. ಮೊನ್ನೆ ಒಬ್ಬಳು ಕಾವಲಿನವನ ಕೈಗೂ ಒಂದು ತಟ್ಟೆ ಕೊಟ್ಟು ಕೂರಿಸಿದಳಂತೆ.

ಈ ವಸಂತದಲ್ಲಿ ಕಪ್ಪೆಗಳು ಹೊರಟವು. ಹಿಂದೆಯೇ ಹೊಳೆ ಹೊರಟಿತು, ನಮ್ಮ ಕೇರಿಯನ್ನು ಬಳಸಿ ಬೆನ್ನ ಹಿಂದಕ್ಕೆ ಹೋಗಿ ಮಲಗಿತು. ಕೇರಿಯಲ್ಲಿ ಬಸುರಿಯರು ಒಬ್ಬರನ್ನೊಬ್ಬರು ಕರೆದು ಹೇಳಿಕೊಂಡರು, ಆದರೆ ಹಿಂದಿನವರಂತೆ ದೇವರಿಗೆ ಹರಕೆ ಕಟ್ಟಲಿಲ್ಲ. ಸೇತುವೆ ಒಣಕಲ್ಲುಗಳ ಮೇಲೆ ಸುಮ್ಮನೆ ನಿಂತುಕೊಂಡಿತು. ಹೊಳೆ ಸರಿದಾಗ ಸೇತುವೆ ಬಿಚ್ಚಿ ಹೊಸ ಪಾತ್ರಕ್ಕೆ ಒಯ್ದು ಜೋಡಿಸುವುದು ಊರಿನ ಕೆಲಸ. ಏಳೆಂಟು ಆಳುಗಳು ಹಗ್ಗ, ಸುತ್ತಿಗೆ, ಹಾರೆ ಹಿಡಿದು ಬೆಳಿಗ್ಗೆ ಬಂದರು. ನಾನು ಟೀಚರ್‌ಗೆ ಚಹಾ ತಂದಿದ್ದೆ. ಟೀಚರ್ ಅಗಾಥಾ ಈಗ ಪೂರ್ತಿ ಮುದುಕಿ, ಕುಳಿತೇ ಪಾಠ ಹೇಳುತ್ತಾರೆ. ಮಿರೇಲಾ ಅವರ ಪಕ್ಕ ನಿಂತು ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದಳು.

"ಸೇತುವೆ ಬಿಚ್ಬೇಕಿತ್ತು ಟೀಚರ್," ಎಂದ ಆಳುಗಳ ಮೇಸ್ತ್ರಿ, ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡು.

"ಪಾಠ ಮುಗೀಲಿ. ಅಲ್ಲಿವರೆಗೆ ಕೂತ್ಕೊಳ್ಳಿ," ಎಂದರು ಟೀಚರ್.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾರೆಗಳನ್ನು ಗೋಡೆಗೆ ಒರಗಿಸಿ, ಹಿಂದಿನ ಬೆಂಚುಗಳಲ್ಲಿ ಮಂಡಿ ಮಡಚಿ ಕೂತರು. ಅರ್ಧ ಜನ ಊರಿನವರು, ಅರ್ಧ ಜನ ನಮ್ಮವರು. ಟೀಚರ್ ಕನ್ನಡಕದ ಮೇಲಿನಿಂದ ನೋಡಿ, "ಒಂಬತ್ತೆಂಟ್ಲಿ ಎಷ್ಟು?" ಎಂದು ಕೇಳಿದರು. ಮಕ್ಕಳಿಗಿಂತ ಮೊದಲು ಮೇಸ್ತ್ರಿಯೇ ಕೈ ಎತ್ತಿದ.

"ಎಪ್ಪತ್ನಾಲ್ಕು!"

ಇಡೀ ಸೇತುವೆ ಗೊಳ್ಳೆಂದು ನಕ್ಕಿತು. ಟೀಚರ್ ಕೋಲಿನಿಂದ ಮೇಜು ಕುಟ್ಟಿದರು.

"ಯಾರೂ ನಗಬಾರ್ದು. ಅವರು ಇವತ್ತಷ್ಟೇ ಸೇರಿದ್ದಾರೆ."